ಆದಿಲಕ್ಷ್ಮಿಯ ಎಡಗೆನ್ನೆ

ಸುಗಟೂರಿನಲ್ಲಿ ಯಾರ ಮನೆಗಾದರೂ ಹೊಸ ರೇಷ್ಮೆಹುಳು ಬಂತೆಂದರೆ ಮೊದಲು ಆದಿಲಕ್ಷ್ಮಿಗೆ ಹೇಳಿಕಳಿಸುವುದು ರೂಢಿ. ಅವಳು ಬಂದು ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಕಾಲು ತೊಳೆದು, ಹುಳುಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಕಣ್ಣು ಮುಚ್ಚಿ ಎಡಗೆನ್ನೆಯನ್ನು ಒಳಗಿನ ಗಾಳಿಗೆ ಒಡ್ಡುತ್ತಾಳೆ. ಹತ್ತು ಎಣಿಸುವಷ್ಟು ಹೊತ್ತು ಯಾರೂ ತುಟಿ ಬಿಚ್ಚುವಂತಿಲ್ಲ. ಆಮೇಲೆ “ಪಡುವಲ ಕಿಟಕಿ ಒಂದು ತೆಗೀರಿ” ಅಂತಲೋ, “ಒಂದು ಇದ್ದಲು ಒಲೆ ಇಡಿ, ಬಿಸಿಲು ಏರಿದ್ಮೇಲೆ ಎತ್ತಿಬಿಡಿ” ಅಂತಲೋ ಹೇಳುತ್ತಾಳೆ. ಅಷ್ಟೇ ಅವಳ ಕೆಲಸ. ಅವಳು ಹೇಳಿದಂತೆ ಮಾಡಿದ ಮನೆಯಲ್ಲಿ ಹುಳು ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗಿ, ತಕರಾರಿಲ್ಲದೆ ಗೂಡು ಕಟ್ಟುತ್ತಿದ್ದವು. ಹುಳುಮನೆಯ ಶಾಖ ಒಂದೆರಡು ಡಿಗ್ರಿ ಹೆಚ್ಚುಕಮ್ಮಿಯಾದರೂ ಮುನಿಸಿಕೊಳ್ಳುವ ಜಾತಿ ಅದು. ಊರಿನವರು ಇದನ್ನು ಕೈಗುಣ ಎನ್ನುತ್ತಿದ್ದರು. ಕೆಲಸ ಮಾಡುತ್ತಿದ್ದುದು ಕೆನ್ನೆ, ಹೆಸರು ಕೈಗೆ. ಅವಳು ತಿದ್ದಲು ಹೋಗಿರಲಿಲ್ಲ.

ಅವಳ ಸ್ವಂತ ಹುಳುಮನೆಯ ಗೋಡೆಯ ಮೇಲೆ ಶಾಖ ಅಳೆಯುವ ಮೀಟರೊಂದಿತ್ತು. ಅದರ ಮೊಳೆಗೇ ಅವಳ ಗಂಡ ಚನ್ನರಾಯಪ್ಪ ಗೊಬ್ಬರದಂಗಡಿಯ ಕ್ಯಾಲೆಂಡರ್ ನೇತುಹಾಕಿದ್ದ. ಹನ್ನೊಂದು ವರ್ಷದಿಂದ ಮೀಟರು ಕ್ಯಾಲೆಂಡರಿನ ಹಿಂದೆ ಅಡಗಿಕೊಂಡು, ಹೊಸ ವರ್ಷದ ದಿನ ಮಾತ್ರ ಒಂದು ಗಳಿಗೆ ಮುಖ ತೋರಿಸುತ್ತಿತ್ತು. “ಇವಳ ಕೆನ್ನೆ ಇರೋವಾಗ ಆ ಗಾಜಿನ ಕಡ್ಡಿ ಯಾಕೆ?” ಎಂದು ಚನ್ನರಾಯಪ್ಪ ಟೀ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಅವನು ಹೆಂಡತಿಯನ್ನು ಹೊಗಳಿದ್ದು ಆ ಒಂದೇ ವಾಕ್ಯದಲ್ಲಿ. ಅದನ್ನೂ ಅವಳೆದುರಿಗೆ ಹೇಳಿದ ಪುಣ್ಯಾತ್ಮನಲ್ಲ.

ನಿದ್ದೆ ಶುರುವಾದದ್ದು ಯಾವಾಗ ಎಂದು ಅವಳಿಗೂ ಸರಿಯಾಗಿ ತಿಳಿಯದು. ನಲವತ್ತೆರಡು ತುಂಬಿದ ವರ್ಷದ ಕಾರ್ತಿಕದಲ್ಲಿ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತದ್ದು, ಮತ್ತೆ ಎದ್ದು ಹೋಗಲೇ ಇಲ್ಲ. ಬೆಳಿಗ್ಗೆ ಎದ್ದರೂ ಎದ್ದ ಹಾಗಿರುತ್ತಿರಲಿಲ್ಲ. ಹಿಪ್ಪುನೇರಳೆ ಸೊಪ್ಪು ಕತ್ತರಿಸುವಾಗ, ಡೈರಿಯಲ್ಲಿ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ, ಕಣ್ಣೆದುರಿನ ಲೋಕ ಒಂದಷ್ಟು ದೂರ ಸರಿದು ಅಲ್ಲಿಂದಲೇ ಅವಳ ಹೆಸರು ಕೂಗುತ್ತಿತ್ತು. ಓಗೊಡಬೇಕು ಅಂತ ಅವಳಿಗೂ ಆಸೆ. ಬಾಯಿಗೆ ಮಾತು ಬರುವ ಹೊತ್ತಿಗೆ ಕೂಗಿದವರು ಬೇಜಾರಾಗಿ ಹೋಗಿರುತ್ತಿದ್ದರು.

ಹುಳುಮನೆಯಲ್ಲಂತೂ ಕೇಳಲೇಬೇಡಿ. ದೊಡ್ಡ ಹುಳುಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸುರಿಯುತ್ತಲೇ ಇರುತ್ತದೆ. ಆ ಸದ್ದಿನಲ್ಲಿ ಗೋಡೆಗೊರಗಿ ಕೂತರೆ ಐದು ನಿಮಿಷಕ್ಕೆಲ್ಲ ಅವಳು ಶ್ರೀನಿವಾಸಪುರದ ಕಡೆಯ ತವರಿನ ಮಾವಿನತೋಪಿನಲ್ಲಿರುತ್ತಿದ್ದಳು. ಅಲ್ಲಿ ಯಾವಾಗಲೂ ಮಧ್ಯಾಹ್ನ. ಎಲೆಗಳ ಸಂದಿಯಿಂದ ಇಳಿದ ಬಿಸಿಲು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಅಲ್ಲಾಡುತ್ತಿತ್ತು. ಬುಡದಲ್ಲಿ ಅವಳ ತಾಯಿ ಚಿಕ್ಕಗಂಗಮ್ಮ ಕರಿ ಕಂಬಳಿ ಹೊದ್ದು ಮಲಗಿರುತ್ತಿದ್ದಳು. ಬದುಕಿದ್ದಾಗಲೂ ಅವಳು ಹಾಗೇ ಇದ್ದವಳು. ಮೇ ತಿಂಗಳಲ್ಲಿ ಕಾಯಿ ಕೀಳುವ ಆಳುಗಳು ಬೆವರು ಒರೆಸಿಕೊಳ್ಳುತ್ತಿದ್ದರೆ ಅವಳು “ಚಲಿ ಅಮ್ಮಾ, ಚಲಿ” ಎಂದು ತೆಲುಗಿನಲ್ಲಿ ಗೊಣಗುತ್ತ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಳ್ಳುತ್ತಿದ್ದಳು. ಇಡೀ ಊರು ಅವಳನ್ನು ಸೋಮಾರಿ ಎಂದು ಕರೆದು ಕೈತೊಳೆದುಕೊಂಡಿತ್ತು. ಅವಳು ತೀರಿಕೊಂಡು ಹದಿನಾರು ವರ್ಷವಾಗಿತ್ತು. ಕಂಬಳಿ ಮಾತ್ರ ಮಗಳ ಜೊತೆ ಸುಗಟೂರಿಗೆ ಬಂದು ಅಟ್ಟ ಸೇರಿತ್ತು. ಈ ಎರಡು ವರ್ಷದಿಂದ ಆದಿಲಕ್ಷ್ಮಿ ಅದನ್ನು ಇಳಿಸಿಕೊಂಡು ತಾನು ಹೊದೆಯುತ್ತಿದ್ದಳು.

ನಿಜ ಹೇಳಬೇಕೆಂದರೆ ಆ ನಿದ್ದೆ ಅವಳಿಗೆ ಪೂರಾ ಬೇಡವಾಗಿಯೂ ಇರಲಿಲ್ಲ. ಹದಿನೆಂಟನೆಯ ವಯಸ್ಸಿನಿಂದ ಒಂದು ದಿನ ಕಾಲು ಚಾಚಿ ಕೂರದವಳಿಗೆ ದೇಹವೇ ರಜೆ ಕೊಟ್ಟಂತಿತ್ತು. ಕನಸಿನಲ್ಲಿ ತಾಯಿ ಸಿಗುತ್ತಿದ್ದಳು. ಎಚ್ಚರದಲ್ಲಿ ಎಲ್ಲ ನೀರೊಳಗಿಂದ ಕಂಡಂತೆ ಮೆತ್ತಗಿರುತ್ತಿತ್ತು. ಬಳೆಗಳು ಮಾತ್ರ ಬಿಗಿಯುತ್ತ ಬಂದವು, ಕೂದಲು ಬಾಚಣಿಗೆ ತುಂಬ ಬರತೊಡಗಿತು, ದನಿ ಒರಟಾಯಿತು, ಹಿಮ್ಮಡಿ ಸೀಳಿತು. ಯುಗಾದಿಯ ಬಿಸಿಲಿನಲ್ಲೂ ಅವಳು ಸ್ವೆಟರ್ ತೆಗೆಯಲಿಲ್ಲ.

ಅತ್ತೆ ಮುನಿಶಾಮಮ್ಮನ ಕಣ್ಣಿಗೆ ಇದೆಲ್ಲ ಬೀಳದೆ ಇರುತ್ತದೆಯೇ? ಎಪ್ಪತ್ತನಾಲ್ಕರ ಆ ಮುದುಕಿ ಇವತ್ತಿಗೂ ಸೊಪ್ಪಿನ ಹೊರೆ ತಲೆ ಮೇಲೆ ಹೊತ್ತು ಬರುವವಳು. “ಅವರಮ್ಮನ ಕಂಬಳಿ ಹೊದ್ಕೊಂಡು ರಾಣಿ ಥರ ಕೂತವ್ಳೆ ನೋಡು” ಎಂದು ಅಂಗಳಕ್ಕೆ ಕೇಳುವಂತೆ ಹೇಳುತ್ತಿದ್ದಳು. ಆದಿಲಕ್ಷ್ಮಿ ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಎಡವಟ್ಟಾದದ್ದು ಫೆಬ್ರವರಿಯಲ್ಲಿ. ಹುಳು ಕೊನೆಯ ಹಂತಕ್ಕೆ ಬಂದಿತ್ತು. ಇನ್ನು ಏಳು ದಿನಕ್ಕೆ ಗೂಡು. ಆದಿಲಕ್ಷ್ಮಿ ಬಾಗಿಲಲ್ಲಿ ನಿಂತು ಕೆನ್ನೆ ಒಡ್ಡಿದಳು. ಒಳಗೆ ಕೊರೆಯುತ್ತಿದೆ ಅನ್ನಿಸಿತು. ಕಿಟಕಿ ಮುಚ್ಚಿಸಿ ಎರಡು ಒಲೆ ಇಡಿಸಿದಳು. ಮೂರನೆಯ ದಿನ ಹುಳು ಸೊಪ್ಪು ಬಿಟ್ಟು, ಮೆತ್ತಗಾಗಿ, ಸಾಲು ಸಾಲಾಗಿ ಸತ್ತವು. ಸೊಪ್ಪು ಸರಿಯಿರಲಿಲ್ಲ ಅಂದುಕೊಂಡರು. ಮಾರ್ಚಿನಲ್ಲಿ ಮತ್ತೆ ಹಾಗೇ ಆಯಿತು. ಈ ಸಲ ಮೊಟ್ಟೆ ಸರಿಯಿರಲಿಲ್ಲ. ಮೂರನೆಯ ಸಲ ಹೋದದ್ದು ಅವಳ ಹುಳುವಲ್ಲ, ಎದುರು ಬೀದಿಯ ರಮಾದೇವಿಯದು. ಏಪ್ರಿಲ್ ಮೊದಲ ವಾರದಲ್ಲಿ ರಮಾದೇವಿ ಅವಳನ್ನು ಕರೆಸಿ ಬಾಗಿಲಲ್ಲಿ ನಿಲ್ಲಿಸಿದ್ದಳು. “ಎಲ್ಲಾ ಕಿಟಕಿ ಮುಚ್ಚಿಬಿಡಿ, ಮಂಜು ಇದ್ದಂಗೈತೆ” ಎಂದು ಆದಿಲಕ್ಷ್ಮಿ ಹೇಳಿದಳು. ರಮಾದೇವಿಗೆ ಸೋಜಿಗವಾಗಿತ್ತಂತೆ, ಆದರೂ ಆ ಕೆನ್ನೆಯ ಮೇಲಿನ ನಂಬಿಕೆಯಿಂದ ಮುಚ್ಚಿದಳು. ಸತ್ತ ಹುಳುವನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಹಾಕುವಾಗ ರಮಾದೇವಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆದಿಲಕ್ಷ್ಮಿಗೆ ಅನ್ನಿಸಿತು.

ಆಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಕೈಗುಣ ಹೋಯಿತು ಎಂದು ಊರು ತೀರ್ಮಾನಿಸಿತು. ಚನ್ನರಾಯಪ್ಪ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ. “ಇನ್ನೊಂದು ಬೆಳೆ ನೋಡೋಣ. ಅದೂ ಹೋದ್ರೆ ಸೊಪ್ಪಿನ ತೋಟ ಕಿತ್ತು ಟೊಮೇಟೊ ಹಾಕ್ತೀನಿ. ಊರೆಲ್ಲಾ ಅದನ್ನೇ ಮಾಡ್ತಾ ಐತೆ.” ಅವಳು ಅವನ ತಟ್ಟೆಗೆ ಸಾರು ಬಡಿಸಿದಳು. ಟೊಮೇಟೊಗೆ ಕೆನ್ನೆ ಬೇಕಾಗುವುದಿಲ್ಲ. ಅಲ್ಲಿ ತಾನು ನೂರು ಕೂಲಿಯವರಲ್ಲಿ ಒಬ್ಬಳು. ಈ ಊರಿನಲ್ಲಿ ಅವಳನ್ನು ಅವಳಾಗಿ ಮಾಡಿದ್ದು ಹುಳುಮನೆಯ ಬಾಗಿಲಲ್ಲಿ ನಿಲ್ಲುವ ಆ ಹತ್ತು ಎಣಿಕೆ ಮಾತ್ರ. ಅದು ನಿಜವಾಗಿ ಹೋಯಿತೋ, ಅಥವಾ ಮೈಗೆ ಏನೋ ಆಗಿದೆಯೋ? ಇದೊಂದು ತಿಳಿಯಬೇಕಾಗಿತ್ತು ಅವಳಿಗೆ.

ಕೋಲಾರದಲ್ಲಿ ಇವರ ಮನೆಯವರು ಇಪ್ಪತ್ತು ವರ್ಷದಿಂದ ತೋರಿಸುವ ಡಾಕ್ಟರೊಬ್ಬರಿದ್ದರು. ಕೆಟ್ಟವರಲ್ಲ. ಬೆಳಿಗ್ಗೆ ಅರವತ್ತು ಜನ, ಸಾಯಂಕಾಲ ಅರವತ್ತು ಜನ ನೋಡಿ ನೋಡಿ, ರೋಗಿ ಬಾಗಿಲು ದಾಟುವ ಮೊದಲೇ ಕಾಯಿಲೆ ಗೊತ್ತಾಗಿಬಿಡುವ ಅಭ್ಯಾಸವಾಗಿತ್ತು, ಅಷ್ಟೇ. ಆದಿಲಕ್ಷ್ಮಿಯ ಕಣ್ಣಿನ ರೆಪ್ಪೆ ಎಳೆದು ನೋಡಿ “ರಕ್ತ ಕಮ್ಮಿ” ಅಂದರು. ಟಾನಿಕ್ ಬರೆದರು. ಮುಂದಿನವರಿಗೆ ಮೇಜಿನ ಮೇಲಿನ ಬೆಲ್ ಒತ್ತಿದರು.

ಟಾನಿಕ್ ಸೀಸೆ ಎರಡು ಮುಗಿದವು. ಹಿಂದಿನ ಬೀದಿಯ ಸುನಂದ ಆಶಾ ಕಾರ್ಯಕರ್ತೆ. ಮನೆಮನೆ ಸುತ್ತುವವಳು. ಒಂದು ದಿನ ಆದಿಲಕ್ಷ್ಮಿಯ ಊದಿದ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದಳು.

“ಅಕ್ಕಾ, ಇದು ಥೈರಾಯ್ಡ್ ಇದ್ದಂಗೈತೆ. ಟೆಸ್ಟ್ ಬರ್ಕೊಡಿ ಅಂತ ಬಾಯಿಬಿಟ್ಟು ಕೇಳು.”

ಕೇಳಿದಳು. ಎರಡನೆಯ ಸಲ ಹೋದಾಗ, ಬಸ್ಸಿನ ಕಿಟಕಿಗೆ ಒರಗಿ ಅಂತರಗಂಗೆ ಬೆಟ್ಟ ಕಾಣುವವರೆಗೂ ಆ ಒಂದು ಮಾತನ್ನು ಒಳಗೇ ಹೊರಳಿಸಿಕೊಂಡು ಹೋಗಿ, ಕೇಳಿದಳು. ಡಾಕ್ಟರು ನಕ್ಕರು. “ಎಲ್ರೂ ಮೊಬೈಲ್ ನೋಡ್ಕೊಂಡು ಬಂದು ಇದೇ ಕೇಳ್ತೀರಲ್ಲಮ್ಮಾ. ಗಂಟಲಲ್ಲಿ ಗಡ್ಡೆ ಇಲ್ಲ, ಏನಿಲ್ಲ. ಮೂರು ವರ್ಷದ ಹಿಂದೆ ಒಂದ್ಸಲ ಮಾಡ್ಸಿದ್ವಲ್ಲ, ಏನೂ ಇರಲಿಲ್ಲ. ವಯಸ್ಸು ನಲವತ್ತನಾಲ್ಕು. ಮುಟ್ಟು ನಿಲ್ಲೋ ಕಾಲ. ಸುಸ್ತು, ನಿದ್ದೆ, ಬೇಜಾರು ಎಲ್ಲ ಇರುತ್ತೆ. ಮನಸ್ಸಿಗೆ ಹಚ್ಕೋಬೇಡಿ.”

ಅವಳಿಗೆ ಹೇಳುವುದಿತ್ತು. ಮನಸ್ಸಿಗಲ್ಲ ಸಾರ್, ಚಳಿ ಮೂಳೆಯಲ್ಲಿದೆ. ಹುಳು ಸಾಯುತ್ತಿವೆ. ಮಾತುಗಳು ಒಂದೊಂದಾಗಿ ಎದ್ದು ನಾಲಿಗೆಯ ಕಡೆ ಹೊರಟವು. ಮೊದಲನೆಯದು ತಲುಪುವಷ್ಟರಲ್ಲಿ ಬೆಲ್ ಆಗಿತ್ತು, ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ಒಳಗೆ ಬಂದಿದ್ದಳು. ಹೊರಗೆ ಮೆಟ್ಟಿಲ ಮೇಲೆ ಕೂತು ಆದಿಲಕ್ಷ್ಮಿ ಅತ್ತಳು. ಬಿಸಿ ಕಣ್ಣೀರು ಆ ತಣ್ಣನೆ ಕೆನ್ನೆಯ ಮೇಲೆ ಹಿತವೆನಿಸಿತು. ಅದಕ್ಕೆ ಇನ್ನೊಂದಿಷ್ಟು ಅತ್ತಳು.

ಕೊನೆಯ ಅವಕಾಶದ ಹುಳು ಮೇ ಮೊದಲ ವಾರ ಬಂತು. ಹತ್ತನೆಯ ತಾರೀಖಿನ ಮಧ್ಯಾಹ್ನ ಅವಳು ಕಿಟಕಿಗಳನ್ನು ಮುಚ್ಚಿ, ಕಂಬಳಿ ಸುತ್ತಿಕೊಂಡು ಗೋಡೆಗೊರಗಿದಳು. ಹುಳು ಮೇಯುವ ಆ ಮಳೆಯ ಸದ್ದು ಶುರುವಾಯಿತು. ಮಾವಿನತೋಪು ಬಂತು. ಈ ಸಲ ಚಿಕ್ಕಗಂಗಮ್ಮ ಮಲಗಿರಲಿಲ್ಲ, ಎದ್ದು ಕೂತಿದ್ದಳು. ಮಗಳನ್ನು ಹತ್ತಿರ ಕರೆದು ಎಡಗೆನ್ನೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. “ಚಲಿ” ಅಂದಳು. ಕಂಬಳಿ ಹುಡುಕಿದಳು. ಕಂಬಳಿ ಮಗಳ ಮೈಮೇಲಿತ್ತು. ಅದನ್ನು ಕಂಡು ತಾಯಿ ಸುಮ್ಮನೆ ನೋಡುತ್ತ ಕೂತಳು. ಬೈಗುಳ ಇಲ್ಲ, ನಗುವೂ ಇಲ್ಲ. ಏನೋ ಹೇಳುವುದಿದ್ದು, ಮಾತು ನಾಲಿಗೆಗೆ ಬರಲು ಕಾಯುತ್ತಿರುವವರ ಹಾಗೆ.

“ಏನೇ ಇದು, ಒಲೆ ಒಳಗೆ ಕೂತಂಗೈತೆ.”

ಮುನಿಶಾಮಮ್ಮ ಸೊಪ್ಪಿನ ಹೊರೆ ಇಳಿಸಿ ಬಾಗಿಲಲ್ಲಿ ನಿಂತಿದ್ದಳು. ಮುದುಕಿಯ ಕುತ್ತಿಗೆಯಿಂದ ಬೆವರು ಇಳಿದು ರವಿಕೆ ಒದ್ದೆಯಾಗಿತ್ತು. ಆದಿಲಕ್ಷ್ಮಿ ಅತ್ತೆಯ ಬೆವರನ್ನು ನೋಡಿದಳು. ತನ್ನ ಕೈಮೇಲೆ ಎದ್ದು ನಿಂತ ರೋಮ ನೋಡಿದಳು. ಬಹಳ ಹೊತ್ತು ಎರಡನ್ನೂ ನೋಡಿದಳು. ಆಮೇಲೆ ಎದ್ದು ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿದಳು. ಹುಳುವಿಗೆ ಬೇಕಾದದ್ದು ಇಪ್ಪತ್ತೈದರ ಆಸುಪಾಸು, ಮೀಟರಿನ ಕಡ್ಡಿಯಲ್ಲಿ ಕೆಂಪು ಗೆರೆ ಮೂವತ್ತನಾಲ್ಕಕ್ಕೆ ಏರಿ ನಿಂತಿತ್ತು.

ಹುಳು ಕೊಂದವಳು ತಾನೇ. ಸೊಪ್ಪಲ್ಲ, ಮೊಟ್ಟೆಯಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ನಿಧಾನವಾಗಿ ಹೊಳೆಯಿತು. ಕೈಗುಣ ಹೋದವರಿಗೆ ಮೂವತ್ತನಾಲ್ಕರಲ್ಲಿ ಚಳಿಯಾಗುವುದಿಲ್ಲ. ಇದು ಮೈಯ ಸುದ್ದಿ.

“ಅತ್ತೆ, ಕಿಟಕಿ ಎಲ್ಲಾ ತೆಗೀರಿ” ಎಂದಳು. ಮುನಿಶಾಮಮ್ಮ ಅಷ್ಟು ಚುರುಕಾಗಿ ಸೊಸೆಯ ಮಾತು ಕೇಳಿದ್ದು ಅದೇ ಮೊದಲಿರಬೇಕು.

ಪ್ರತಿ ಹುಳುಮನೆಯಲ್ಲೂ ರಟ್ಟಿನ ಚಾರ್ಟೊಂದು ನೇತಾಡುತ್ತಿರುತ್ತದೆ. ಹುಳು ಬಂದ ದಿನ, ಪೊರೆ ಬಿಟ್ಟ ದಿನ ಬರೆಯುವುದಕ್ಕೆ. ಅವತ್ತಿನಿಂದ ಅವಳು ಆ ಚಾರ್ಟಿನ ಖಾಲಿ ಜಾಗದಲ್ಲಿ ದಿನಕ್ಕೆ ಮೂರು ಸಲ ಬರೆದಳು. ಮೊದಲು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಕೆನ್ನೆ ಏನು ಹೇಳುತ್ತದೆ ಎಂದು ಕೇಳುವುದು, ಬರೆಯುವುದು. ಆಮೇಲೆ ಮೀಟರು ನೋಡಿ ಅದನ್ನೂ ಬರೆಯುವುದು. ‘ಕೆನ್ನೆ: ಚಳಿ. ಮೀಟರು: ೨೯.’ ‘ಕೆನ್ನೆ: ಭಾಳ ಚಳಿ. ಮೀಟರು: ೨೭.’ ‘ಕೆನ್ನೆ: ಹಿತ. ಮೀಟರು: ೩೩.’ ಏಳನೇ ಕ್ಲಾಸಿನವರೆಗೆ ಕಲಿತ ಗುಂಡನೆ ಅಕ್ಷರ. ನಿದ್ದೆಗಣ್ಣಿನಲ್ಲಿ ಬರೆದ ಸಾಲುಗಳು ಇಳಿಜಾರಿಗೆ ಜಾರಿದ್ದವು. ಕಿಟಕಿ, ಒಲೆಗಳ ವಿಷಯದಲ್ಲಿ ಮಾತ್ರ ಮೀಟರು ಹೇಳಿದಂತೆ ನಡೆದಳು. ತಾನು ಗಡಗಡ ನಡುಗುತ್ತ ಹುಳುವಿಗೆ ಗಾಳಿ ಬಿಟ್ಟಳು. ಹುಳು ಚೆನ್ನಾಗಿ ಮೇಯ್ದವು. ಆ ಬೆಳೆ ಉಳಿಯುವ ಲಕ್ಷಣ ಕಂಡಿತು.

ಚನ್ನರಾಯಪ್ಪನ ಮುಖದ ಗಂಟು ಸಡಿಲವಾಯಿತು. “ಮೀಟರು ಇದ್ರೆ ಸಾಕು ಬಿಡು” ಎಂದ. “ಇನ್ಮೇಲೆ ನಾನೇ ನೋಡ್ಕೊಂತೀನಿ. ನೀನು ಮಲಕ್ಕೊ.” ಪಾಪ, ಅವನು ಕರುಣೆಯಿಂದಲೇ ಹೇಳಿದ್ದು. ಆದಿಲಕ್ಷ್ಮಿಗೆ ಮಾತ್ರ ಅದು ಬೇರೆಯೇ ಕೇಳಿಸಿತು. ಹುಳು ಬದುಕಿದವು, ತಾನು ಸಲ್ಲದವಳಾದೆ.

ಅಂದು ಸಂಜೆ ಸುನಂದಳನ್ನು ಕರೆಸಿ ಮೂರು ವರ್ಷದ ಹಳೆಯ ರಿಪೋರ್ಟು ಹುಡುಕಿ ತೆಗೆದಳು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ಸುನಂದ ಅದನ್ನು ಬೆಳಕಿಗೆ ಹಿಡಿದಳು.

“ಏನೂ ಇಲ್ಲ ಅಂದ್ರಾ ಡಾಕ್ಟ್ರು? ಇಲ್ನೋಡು. ಏಳು ಪಾಯಿಂಟ್ ಎಂಟು ಅಂತ ದಪ್ಪಕ್ಷರದಲ್ಲಿ ಐತೆ. ಇರಬೇಕಾದ್ದು ನಾಲ್ಕೂವರೆ ಒಳಗೆ. ಆಗ್ಲೇ ಒಂಚೂರು ಮೇಲಿತ್ತು ಕಣಕ್ಕಾ. ಮತ್ತೆ ನೋಡಿಸ್ಬೇಕಿತ್ತು.” ಅವಳು ಮುಂದುವರಿಸಿದಳು. “ಈ ಸಲ ಟಿಎಸ್‌ಎಚ್ ಒಂದೇ ಅಲ್ಲ, ಟಿ ಫೋರ್, ಆಮೇಲೆ ಆಂಟಿಬಾಡಿ ಟೆಸ್ಟು, ಮೂರೂ ಬರೀರಿ ಅನ್ನು. ಮರೆತೋಗ್ತೀಯಾ. ಚಾರ್ಟಿನ ಹಿಂದೆ ಬರ್ಕೊಂಡೋಗು.”

ಮೂರನೆಯ ಸಲ ಅವಳು ಕೋಲಾರಕ್ಕೆ ಹೋದದ್ದು ರಟ್ಟಿನ ಚಾರ್ಟನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು. ಬಸ್ಸಿನ ಮುಂದೆ ಟೊಮೇಟೊ ಕ್ರೇಟುಗಳನ್ನು ಹೇರಿದ ಲಾರಿಗಳು ಮಾರುಕಟ್ಟೆಯ ಕಡೆ ತೆವಳುತ್ತಿದ್ದವು. ಹುಳಿವಾಸನೆ ಕಿಟಕಿಯಿಂದ ಬಂತು. ಅವಳ ಕಣ್ಣು ಎಳೆಯಿತು. ಬೆಟ್ಟದ ಬಂಡೆಗಳು ಕಂಬಳಿ ಹೊದ್ದು ಮಲಗಿದ ಹೆಂಗಸರ ಹಾಗೆ ಒಂದರ ಪಕ್ಕ ಒಂದು ಕಂಡವು. ಕನಸಿನಲ್ಲಿ ಏಳಿ ಎಂದು ಅವರನ್ನು ಎಬ್ಬಿಸುತ್ತ ನಡೆದಳು. ಒಬ್ಬಳೂ ಏಳಲಿಲ್ಲ. ಕಂಡಕ್ಟರ್ ಹೆಗಲು ತಟ್ಟಿ ಇಳಿಸಿದ.

ಕ್ಲಿನಿಕ್ಕಿನಲ್ಲಿ ಕರೆಂಟು ಹೋಗಿತ್ತು. ಕಾಯುತ್ತ ಕೂತವರು ಚೀಟಿ, ಸೆರಗು, ಸಿಕ್ಕಿದ್ದರಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಒಳಗೆ ಡಾಕ್ಟರು ಮೇಲಿನ ಗುಂಡಿ ಬಿಚ್ಚಿ, ಔಷಧಿ ಬರೆಯುವ ಪ್ಯಾಡಿನಿಂದ ತಾವೇ ಗಾಳಿ ಹಾಕಿಕೊಳ್ಳುತ್ತಿದ್ದರು. ಸ್ವೆಟರ್ ಹಾಕಿ, ತಲೆಗೆ ಸೆರಗು ಬಿಗಿದು ಬಂದವಳನ್ನು ಕಂಡು “ಮತ್ತೇನಮ್ಮಾ?” ಎಂದರು. ಕೈ ಆಗಲೇ ಬೆಲ್ಲಿನ ಹತ್ತಿರವಿತ್ತು.

ಆದಿಲಕ್ಷ್ಮಿ ಮಾತಾಡಲು ಹೋಗಲಿಲ್ಲ. ಮಾತಿನಲ್ಲಿ ಈ ಮನುಷ್ಯನ ಬೆಲ್ಲನ್ನು ಗೆಲ್ಲಲಾಗದು ಎಂದು ಅವಳಿಗೆ ಗೊತ್ತಿತ್ತು. ಚಾರ್ಟನ್ನು ಮೇಜಿನ ಮೇಲೆ ಹರಡಿದಳು. ಬೆಲ್ ಅದರ ಕೆಳಗೆ ಹೋಯಿತು.

“ಏನಿದು?”

“ಹುಳುಮನೇದು ಸಾರ್. ಓದಿ.”

ಡಾಕ್ಟರು ಮೊದಲು ಸುಮ್ಮನೆ ಕಣ್ಣಾಡಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡರು. ಹನ್ನೊಂದು ದಿನ, ಮೂವತ್ತಮೂರು ಸಾಲು. ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಹೊರಗೆ ಯಾರೋ ಕೆಮ್ಮಿ ಬಾಗಿಲು ತಟ್ಟಿದರು, ಅವರು ತಲೆ ಎತ್ತಲಿಲ್ಲ.

“ಮೂವತ್ತಮೂರಕ್ಕೆ ಹಿತ ಅಂತ ಬರೆದಿದ್ದೀರಿ.”

“ಹೂಂ ಸಾರ್.”

“ಈಗ, ಈ ರೂಮಲ್ಲಿ?”

“ಚಳಿ ಸಾರ್.”

ಡಾಕ್ಟರ ಗಲ್ಲದಿಂದ ಬೆವರಿನ ಹನಿಯೊಂದು ಚಾರ್ಟಿನ ಮೇಲೆ ಬಿತ್ತು. ಅವರು ಅದನ್ನು ಒರೆಸಿ ಅವಳ ಕೈ ಹಿಡಿದು ನೋಡಿದರು. ಹೀಗೆ ಕೈ ಹಿಡಿದದ್ದು ಇದೇ ಮೊದಲು. ಆದರೂ ಹಳೆಯ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ? “ಆಗ ಒಂದ್ಸಲ ಮಾಡಿಸಿ ಏನೂ ಬಂದಿರಲಿಲ್ಲವಲ್ಲ...” ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆದಿಲಕ್ಷ್ಮಿ ಪ್ಲಾಸ್ಟಿಕ್ ಕವರಿನಿಂದ ಹಳೆಯ ರಿಪೋರ್ಟು ತೆಗೆದು ಚಾರ್ಟಿನ ಮೇಲಿಟ್ಟಳು. ದಪ್ಪಕ್ಷರದ ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣ ಗುರುತೊಂದಿತ್ತು. ಹಾಕಿದವರು ಅವರೇ.

ಡಾಕ್ಟರು ಆ ಗುರುತಿನ ಮೇಲೆ ಬೆರಳಿಟ್ಟು ಕೂತರು. ಆದಿಲಕ್ಷ್ಮಿಯ ಮಾತುಗಳು ಆ ಹೊತ್ತನ್ನು ಬಳಸಿಕೊಂಡು, ಆತುರವಿಲ್ಲದೆ, ಒಂದೊಂದಾಗಿ ನಾಲಿಗೆಗೆ ಬಂದವು.

“ಸಾರ್, ನಿದ್ದೆ ಹೋಗ್ಲಿ, ಕೂದಲು ಹೋಗ್ಲಿ. ನಂಗೆ ನನ್ನ ಕೆನ್ನೆ ಬೇಕು. ಅದಕ್ಕೇನೋ ಆಗೈತೆ. ಏನಾಗೈತೆ ಅಂತ ನೋಡ್ದೆ ನಾನು ಇವತ್ತು ಎದ್ದೋಗಲ್ಲ. ಹಿಂದೆ ಬರ್ದೈತೆ ನೋಡಿ, ಮೂರು ಟೆಸ್ಟು.”

ಡಾಕ್ಟರು ಚಾರ್ಟನ್ನು ತಿರುವಿ ನೋಡಿದರು. “ಇದನ್ನ ಆರು ತಿಂಗಳಿಗೆ ಮತ್ತೆ ಮಾಡಿಸ್ಬೇಕಿತ್ತು ಕಣಮ್ಮಾ” ಎಂದರು, ದನಿ ಇಳಿಸಿ. “ನಾನೇ ಬರೀಬೇಕಿತ್ತು. ಬರೀಲಿಲ್ಲ.” ಮೂರನ್ನೂ ಬರೆದುಕೊಟ್ಟರು. ರಕ್ತ ಕೊಡುವಾಗ ಲ್ಯಾಬಿನ ಕುರ್ಚಿಯಲ್ಲೇ ಅವಳಿಗೆ ನಿದ್ದೆ ಬಂತು. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ.

ಎರಡು ದಿನಕ್ಕೆ ರಿಪೋರ್ಟು ಬಂತು. ನಾಲ್ಕೂವರೆಯ ಒಳಗಿರಬೇಕಾದದ್ದು ತೊಂಬತ್ತೆರಡಿತ್ತು. ಟಿ ಫೋರ್ ತಳ ಕಂಡಿತ್ತು. ಆಂಟಿಬಾಡಿ ವಿಪರೀತ ಏರಿತ್ತು. ಮೈಯ ಕಾವಲಿನವರೇ ಕತ್ತಿನ ಗ್ರಂಥಿಯನ್ನು ಶತ್ರು ಅಂದುಕೊಂಡು ವರ್ಷಗಟ್ಟಲೆ ಹೊಡೆದಿದ್ದಾರೆ, ಅದಕ್ಕೆ ಮೈ ಕಾಯಿಸುವ ಶಕ್ತಿ ಉಳಿದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಇದನ್ನು ಹೇಳಲು ಅವರು ಇಪ್ಪತ್ತು ನಿಮಿಷ ತೆಗೆದುಕೊಂಡರು. ಬೆಲ್ ಮೇಜಿನ ಖಾನೆಯಲ್ಲಿತ್ತು. ಪುಟ್ಟ ಮಾತ್ರೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಆಮೇಲೆ ಒಂದು ಗಂಟೆ ಕಾಫಿಯೂ ಇಲ್ಲ.

“ನಿಮ್ಮ ತಾಯಿ ಕಡೆ, ತಂದೆ ಕಡೆ ಯಾರಿಗಾದ್ರೂ ಇತ್ತಾ ಇದು?” ಎಂದು ಕಾರ್ಡು ತುಂಬುತ್ತ ಕೇಳಿದರು.

“ಇಲ್ಲ ಸಾರ್. ಯಾರಿಗೂ ಇರ್ಲಿಲ್ಲ.”

ಅವರು ಅಲ್ಲೊಂದು ಗೆರೆ ಎಳೆದರು.

ಮಾತ್ರೆ ಮಂತ್ರವಲ್ಲ. ಮೊದಲ ಮೂರು ವಾರ ಏನೂ ಆಗಲಿಲ್ಲ. ಆರನೆಯ ವಾರ ಮತ್ತೆ ರಕ್ತ ನೋಡಿ ಡಾಕ್ಟರು ಪ್ರಮಾಣ ಏರಿಸಿದರು. ಆಮೇಲೆ ನಿದ್ದೆ ಬಂದ ಹಾಗೇ, ಹೇಳದೆ ಕೇಳದೆ, ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಸದ್ದುಗಳು ಹತ್ತಿರ ಬಂದವು. ಕೂಗಿದರೆ ಓಗೊಡುವಷ್ಟು ಮಾತು ತುಟಿಯಲ್ಲಿ ಸಿದ್ಧವಿರುತ್ತಿತ್ತು. ಮುನಿಶಾಮಮ್ಮನಿಗೆ ಸೊಸೆಯಿಂದ ಎದುರುತ್ತರ ಕೇಳಿಬಂತು. ಮುದುಕಿಗೆ ಅದರಿಂದ ಎಷ್ಟು ನೆಮ್ಮದಿಯಾಯಿತೆಂದರೆ ಅಕ್ಕಪಕ್ಕದವರನ್ನು ಕರೆದು ಹೇಳಿಕೊಂಡಳು. ಕನಸುಗಳು ತೆಳ್ಳಗಾದವು. ಮಾವಿನತೋಪು ಮೊದಲಿನ ಹಾಗೆ ಕರೆದಾಗಲೆಲ್ಲ ಬರುತ್ತಿರಲಿಲ್ಲ. ಅದೊಂದು ಅವಳಿಗೆ ನೋವು. ವಾಸಿಯಾಗುವುದೆಂದರೆ ತಾಯಿಯನ್ನು ಇನ್ನೊಮ್ಮೆ ಕಳೆದುಕೊಳ್ಳುವುದು ಎಂದು ಯಾವ ಡಾಕ್ಟರು ಹೇಳುತ್ತಾರೆ?

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವಳು ತನ್ನ ಹುಳುಮನೆಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದಳು. ಹತ್ತು ಎಣಿಸಿದಳು. “ಇಪ್ಪತ್ತಾರು ಇರಬೇಕು. ಒಂದು ಕಿಟಕಿ ತೆಗೀರಿ” ಎಂದಳು. ಮೀಟರಿನ ಮುಂದೆ ನಿಂತಿದ್ದ ಚನ್ನರಾಯಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಮತ್ತೆ ನೋಡಿದ. ಕಿಟಕಿ ತೆಗೆದ. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಕ್ಯಾಲೆಂಡರನ್ನು ಎತ್ತಿ ಅದೇ ಮೊಳೆಗೆ ನೇತುಹಾಕಲು ಹೋದ. ಆದಿಲಕ್ಷ್ಮಿ ತಡೆದಳು. “ಅದಕ್ಕೆ ಬೇರೆ ಮೊಳೆ ಹೊಡೀರಿ. ಮೀಟರೂ ಇರ್ಲಿ” ಎಂದಳು. ಆ ವಾರದ ಕೊನೆಗೆ ರಮಾದೇವಿ ಹೇಳಿಕಳಿಸಿದಳು, ಹೊಸ ಹುಳು ಬಂದಿದೆ ಎಂದು.

ರಮಾದೇವಿಯ ಮನೆಯಿಂದ ಬಂದ ಆ ಮಧ್ಯಾಹ್ನ ಅವಳು ಕಂಬಳಿಯನ್ನು ಅಟ್ಟಕ್ಕೆ ಹಾಕೋಣವೆಂದು ಕೈಗೆತ್ತಿಕೊಂಡಳು. ಮಡಿಸುವ ಮೊದಲು ಯಾಕೋ ಒಮ್ಮೆ ಹೊದ್ದು ನೋಡಬೇಕೆನಿಸಿತು. ಹೊದ್ದು ಗೋಡೆಗೊರಗಿ ಕೂತಳು. ಹುಳು ಮೇಯುತ್ತಿದ್ದವು. ಐದು ನಿಮಿಷವಾಗಲಿಲ್ಲ, ಕುತ್ತಿಗೆ ಬೆವರಿತು. ಉಣ್ಣೆ ಚುಚ್ಚಿತು. ಎಡಗೆನ್ನೆಯನ್ನು ಕಂಬಳಿಗೆ ಒತ್ತಿ ನೋಡಿದಳು. ಕಾದ ಕಾವಲಿಯ ಹತ್ತಿರ ಮುಖ ಇಟ್ಟಂತಿತ್ತು. ಆಗಸ್ಟಿನ ಮೋಡದ ದಿನದಲ್ಲೇ ಹೀಗೆ. ಇದನ್ನು ಮೇ ತಿಂಗಳ ಬಿಸಿಲಿನಲ್ಲಿ, ಮಾವಿನ ಕೊಯ್ಲಿನ ಹೊತ್ತಿನಲ್ಲಿ, ಕಿವಿಯವರೆಗೆ ಎಳೆದುಕೊಂಡು ಮಲಗುತ್ತಿದ್ದವಳಿಗೆ ಎಂಥ ಚಳಿಯಿದ್ದಿರಬೇಕು.

ಆದಿಲಕ್ಷ್ಮಿ ಕಂಬಳಿಯೊಳಗೇ ಕೂತುಬಿಟ್ಟಳು. ಬೆವರಿಳಿಯುತ್ತಿತ್ತು. ಎದ್ದೇಳಲು ಮನಸ್ಸಾಗಲಿಲ್ಲ. ಊದಿದ ಮುಖ, ದಪ್ಪಗಾದ ದನಿ, ಏನು ಕೇಳಿದರೂ ನಿಧಾನಕ್ಕೆ ಬರುತ್ತಿದ್ದ ಉತ್ತರ, ಒಂದೊಂದಾಗಿ ಎಲ್ಲ ಕಣ್ಣ ಮುಂದೆ ಬಂದವು. ಕನಸಲ್ಲ, ಕಂಡದ್ದೇ. ಕಂಡೂ ಕಾಣದೆ ಇದ್ದದ್ದು.

ಮುಂದಿನ ತಿಂಗಳು ರಕ್ತ ತೋರಿಸಲು ಹೋದಾಗ ಡಾಕ್ಟರು ರಿಪೋರ್ಟು ನೋಡಿ ಖುಷಿಯಾದರು. ಎಲ್ಲ ಅಂಕೆಗೆ ಬಂದಿತ್ತು. ಅವಳು ಏಳಲಿಲ್ಲ.

“ಸಾರ್, ಆ ಕಾರ್ಡಲ್ಲಿ ಗೆರೆ ಎಳೆದ್ರಲ್ಲ, ಮನೇಲಿ ಯಾರಿಗಾದ್ರೂ ಇತ್ತಾ ಅಂತ. ಅಲ್ಲಿ ಬರ್ಕೊಳ್ಳಿ. ನಮ್ಮಮ್ಮನಿಗಿತ್ತು.”

“ಹೌದಾ? ಟೆಸ್ಟ್ ಮಾಡ್ಸಿದ್ರಾ ಅವರಿಗೆ?”

“ಯಾರೂ ಬರ್ಕೊಡ್ಲಿಲ್ಲ ಸಾರ್. ಯಾರೂ ಕೇಳ್ಲೂ ಇಲ್ಲ.”

“ಮತ್ತೆ ಏನಾಗಿದೆ ಅಂತಿದ್ರು?”

“ಸೋಮಾರಿ ಅಂತಿದ್ರು.”

ಡಾಕ್ಟರು ಪೆನ್ನು ಹಿಡಿದು ಕಾದರು. ಆದಿಲಕ್ಷ್ಮಿಯ ನಾಲಿಗೆ ಈಗ ಚುರುಕಾಗಿತ್ತು. ಆದರೂ ಈ ಮಾತಿಗೆ ಹೊತ್ತು ಹಿಡಿಯಿತು.

“ನಾನೂ ಅಂದಿದ್ದೆ ಸಾರ್. ಅವಳ ಮುಖದ ಮುಂದೇನೇ.”

ಅವರು ಗೆರೆಯನ್ನು ಹೊಡೆದುಹಾಕಿ ಅದರ ಮೇಲೆ ‘ತಾಯಿ’ ಎಂದು ಬರೆದರು. ಹೆಸರೂ ಬರೀರಿ ಎಂದಳು. ಕಾರ್ಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವರು ಅಂಚಿನಲ್ಲಿ ಸಣ್ಣದಾಗಿ ಚಿಕ್ಕಗಂಗಮ್ಮ ಎಂದು ಬರೆದು, ಸರಿಯಾ ಎಂದು ಅವಳಿಗೆ ತೋರಿಸಿದರು.